ಮುಟ್ಟು ತಪ್ಪಿದಾಗ ಮೊದಲು ಪರೀಕ್ಷೆ, ಆಮೇಲೆ ಔಷಧಿ

"ಗುಳಿಗೆ ತೆಗೆದುಕೊಳ್ಳುತ್ತಲೇ ಇದ್ದೆ, ಆದರೂ ಈ ತಿಂಗಳು ಮುಟ್ಟಾಗಿಲ್ಲ." "ವಂಕಿ ಹಾಕಿಸಿಕೊಂಡಿದ್ದೇನೆ, ದಿನ ಮೀರಿ ಹತ್ತು ದಿನವಾಯಿತು." "ಆಪರೇಷನ್ ಆಗಿ ಆರು ವರ್ಷವಾಗಿದೆ, ಈಗ ಯಾಕೆ ಹೀಗೆ?"

ಇಂತಹ ಮಾತನ್ನು ನಮ್ಮ ಹೆಣ್ಣುಮಕ್ಕಳು ವೈದ್ಯರ ಮುಂದೆ ಮೊದಲಿಗೇ ಹೇಳುವುದಿಲ್ಲ. ಸೊಂಟ ನೋವು, ಸುಸ್ತು, ಹೊಟ್ಟೆ ಉಬ್ಬರ ಎಂದೆಲ್ಲ ಹೇಳಿ, ಎದ್ದು ಹೊರಡುವಾಗ ಮೆಲ್ಲಗೆ ಹೇಳುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಮುಟ್ಟು ಬರುವ ಹಾಗೆ ಏನಾದರೂ ಕೊಡಿ." ಯುನಾನಿ ಔಷಧಿಯಲ್ಲಿ ಅಡ್ಡ ಪರಿಣಾಮವಿಲ್ಲ, ಅದರಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆಯಿಂದ ಹಲವರು ಹಕೀಮರ ಬಳಿಗೇ ಮೊದಲು ಬರುತ್ತಾರೆ. ಆದ್ದರಿಂದ ಈ ವಿಷಯವನ್ನು ಯುನಾನಿ ವೈದ್ಯನೇ ಸ್ಪಷ್ಟವಾಗಿ ಹೇಳಬೇಕಾಗಿದೆ.

ಹೇಳಬೇಕಾದದ್ದು ಇಷ್ಟು: ಮದುವೆಯಾದ ಹೆಣ್ಣಿಗೆ ಮುಟ್ಟು ತಪ್ಪಿದರೆ, ಆಕೆ ಯಾವ ಗರ್ಭನಿರೋಧಕ ಬಳಸುತ್ತಿದ್ದರೂ ಸರಿ, ಮೊದಲು ಮೂತ್ರ ಪರೀಕ್ಷೆ ಆಗಬೇಕು. ಅದಕ್ಕೂ ಮೊದಲು ಮುಟ್ಟು ತರಿಸುವ ಯಾವ ಔಷಧಿಯನ್ನೂ ತೆಗೆದುಕೊಳ್ಳಬಾರದು. ಯುನಾನಿ, ಆಯುರ್ವೇದ, ಇಂಗ್ಲಿಷ್ ಔಷಧಿ, ಮನೆಮದ್ದು ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ನಿರೋಧಕ ಇದ್ದರೂ ಗರ್ಭ ನಿಲ್ಲುವುದು ಹೇಗೆ?

ನೂರಕ್ಕೆ ನೂರು ಖಾತರಿಯ ಗರ್ಭನಿರೋಧಕ ಯಾವುದೂ ಇಲ್ಲ. ಸಾಮಾನ್ಯ ಬಳಕೆಯಲ್ಲಿ, ಅಂದರೆ ಆಗಾಗ ಮರೆವು, ಅವಸರ ಎಲ್ಲ ಸೇರಿದ ದಿನನಿತ್ಯದ ಬಳಕೆಯಲ್ಲಿ, ಮೊದಲ ಒಂದು ವರ್ಷದೊಳಗೆ 100 ದಂಪತಿಗಳಲ್ಲಿ ಸುಮಾರು ಇಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ: ವೀರ್ಯವನ್ನು ಹೊರಗೆ ಬಿಡುವ ಕ್ರಮದಲ್ಲಿ (ಅಝ್ಲ್) 20, ನಿರೋಧ್‌ನಲ್ಲಿ 13, ದಿನದ ಗುಳಿಗೆಯಲ್ಲಿ 7, ಮೂರು ತಿಂಗಳ ಚುಚ್ಚುಮದ್ದಿನಲ್ಲಿ 4. ವಂಕಿ (ಕಾಪರ್-ಟಿ) ಹಾಗೂ ಹೆಣ್ಣುಮಕ್ಕಳ ಆಪರೇಷನ್‌ನಲ್ಲಿ ಇದು ಒಂದಕ್ಕಿಂತಲೂ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಷ್ಟು ಜನರಲ್ಲಿ ವಿಫಲವಾಗುವ ಪ್ರಮಾಣ ಎಷ್ಟೇ ಸಣ್ಣದಾದರೂ, ನಮ್ಮ ನಿಮ್ಮ ಊರಿನಲ್ಲೂ ಒಬ್ಬಿಬ್ಬರು ಇರುವುದು ಸಹಜ.

ಒಂದೊಂದು ಕ್ರಮವೂ ತಪ್ಪುವ ಬಗೆ ಬೇರೆ ಬೇರೆ.

ದಿನದ ಗುಳಿಗೆ (ಮಾಲಾ-ಎನ್, ಮಾಲಾ-ಡಿ): ಎರಡು ಅಥವಾ ಹೆಚ್ಚು ದಿನ ಮರೆತರೆ, ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ, ಜೋರಾದ ಭೇದಿಯಾದರೆ ಗುಳಿಗೆಯ ಶಕ್ತಿ ಕುಗ್ಗುತ್ತದೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಝೆಪಿನ್ ಮತ್ತು ಫೆನಿಟಾಯಿನ್ ಕೂಡ ಈ ಗುಳಿಗೆಯ ಕೆಲಸವನ್ನು ಕೆಡಿಸುತ್ತವೆ. ರಂಝಾನ್ ತಿಂಗಳಲ್ಲಿ ಹೊತ್ತು ಬದಲಾಗಿ ಗುಳಿಗೆ ತಪ್ಪುವುದುಂಟು. ಇಫ್ತಾರ್ ಆದ ಮೇಲೆ ಒಂದು ಹೊತ್ತನ್ನು ಗೊತ್ತು ಮಾಡಿಕೊಂಡು ತಿಂಗಳಿಡೀ ಅದೇ ಹೊತ್ತಿಗೆ ನುಂಗಿ.

ಛಾಯಾ ಗುಳಿಗೆ: ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ, ಹಾರ್ಮೋನ್ ಇಲ್ಲದ ಗುಳಿಗೆ ಇದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಎರಡು ಬಾರಿಯ ಲೆಕ್ಕವನ್ನು ಮೊದಲ ತಿಂಗಳಿಗೇ ನಿಲ್ಲಿಸಿಬಿಡುವವರಿದ್ದಾರೆ. ಈ ಗುಳಿಗೆಯಿಂದ ಮುಟ್ಟು ತಡವಾಗುವುದು ಸಾಮಾನ್ಯ. ಆದರೆ 15 ದಿನಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಲೇಬೇಕು.

ಅಂತರಾ ಚುಚ್ಚುಮದ್ದು: ಇದನ್ನು ಮೂರು ತಿಂಗಳಿಗೊಮ್ಮೆ ಹಾಕಿಸಬೇಕು. ಇದರಿಂದ ಮುಟ್ಟು ನಿಂತೇ ಹೋಗಬಹುದು. ಅದು ಕಾಯಿಲೆಯಲ್ಲ, "ಕೆಟ್ಟ ರಕ್ತ" ಒಳಗೆ ಕೂಡಿಕೊಳ್ಳುವುದೂ ಇಲ್ಲ. ಆದರೆ ಮುಂದಿನ ಚುಚ್ಚುಮದ್ದಿನ ದಿನಾಂಕ ದಾಟಿ ಒಂದು ತಿಂಗಳಿಗಿಂತ ಹೆಚ್ಚಾಗಿದ್ದರೆ ಪರೀಕ್ಷೆ ಮಾಡಿ ನೋಡಿಯೇ ಮತ್ತೆ ಹಾಕಿಸಬೇಕು.

ನಿರೋಧ್: ಹರಿಯುವುದು, ಜಾರುವುದು, ಅವಧಿ ಮೀರಿರುವುದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಬೇಗ ಹರಿಯುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ.

ವಂಕಿ: ಗೊತ್ತಿಲ್ಲದೆ ಜಾರಿ ಹೋಗಿರಬಹುದು, ಅಥವಾ ಸ್ಥಳ ಬದಲಿಸಿರಬಹುದು. ಹಾಕಿಸಿದ ಮೊದಲ ಕೆಲವು ತಿಂಗಳು ಮುಟ್ಟಿನ ಬಳಿಕ ದಾರ ಕೈಗೆ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಅವಧಿಯನ್ನೂ ನೆನಪಿಡಿ: 380-ಎ ಎಂಬುದು 10 ವರ್ಷಕ್ಕೆ, 375 ಎಂಬುದು 5 ವರ್ಷಕ್ಕೆ.

ಮೊಲೆಹಾಲು: ಮಗುವಿಗೆ ಹಾಲು ಕುಡಿಸುವಾಗ ಗರ್ಭ ನಿಲ್ಲುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಹೆರಿಗೆಯ ನಂತರ ಮುಟ್ಟು ಒಮ್ಮೆಯೂ ಆಗಿರಬಾರದು. ಈ ಮೂರೂ ಕೂಡಿದ್ದರೆ ಮಾತ್ರ ಅದು ರಕ್ಷಣೆ. ಇದರಲ್ಲಿ ಒಂದು ತಪ್ಪಿದರೂ ಮುಟ್ಟು ಕಾಣಿಸಿಕೊಳ್ಳುವ ಮೊದಲೇ ಗರ್ಭ ನಿಲ್ಲಬಹುದು.

ತುರ್ತು ಗುಳಿಗೆ: 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ನುಂಗಿದ ನಂತರದ ದಿನಗಳಿಗೂ ಅದು ರಕ್ಷಣೆಯಲ್ಲ. ಅದರಿಂದ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗಬಹುದು. ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಿ.

ಇನ್ನೊಂದು ಮಾತು. ಉಮ್ರಾ, ಹಜ್ ಅಥವಾ ರಂಝಾನಿನ ದಿನಗಳಲ್ಲಿ ಮುಟ್ಟು ಮುಂದೂಡಲು ನಾರ್‌ಎಥಿಸ್ಟೆರೋನ್ ಗುಳಿಗೆ ತೆಗೆದುಕೊಳ್ಳುವ ರೂಢಿ ಇದೆ. ಹಾಗೆ ತೆಗೆದುಕೊಳ್ಳುವ ಈ ಗುಳಿಗೆ ಗರ್ಭನಿರೋಧಕವಲ್ಲ. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಸಾಮಾನ್ಯವಾಗಿ ಮುಟ್ಟಾಗುತ್ತದೆ. ಒಂದು ವಾರ ಕಳೆದರೂ ಆಗದಿದ್ದರೆ "ಗುಳಿಗೆಯ ಉಷ್ಣ" ಎಂದು ಸುಮ್ಮನಿರದೆ ಪರೀಕ್ಷಿಸಿ.

ಪರೀಕ್ಷೆ ಯಾವಾಗ, ಹೇಗೆ?

ಗರ್ಭ ನಿಂತ ಮೇಲೆ ದೇಹದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನ್ ಏರುತ್ತದೆ. ಅದನ್ನು ಮೂತ್ರದಲ್ಲಿ ಗುರುತಿಸುವ ಪಟ್ಟಿಯೇ ಈ ಕಿಟ್. ಯಾವ ಮೆಡಿಕಲ್ ಶಾಪ್‌ನಲ್ಲಾದರೂ ಕಡಿಮೆ ಬೆಲೆಗೆ ಸಿಗುತ್ತದೆ. ಸರ್ಕಾರದ "ನಿಶ್ಚಯ್" ಕಿಟ್ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಮೂಲಕ ಉಚಿತವಾಗಿ ದೊರೆಯುತ್ತದೆ. ಜೋಯಿಡಾದ ಕಾಡಿನ ಹಳ್ಳಿಗಳಿಂದ ಕಿಟ್‌ಗಾಗಿ ಪೇಟೆಗೆ ಬರುವ ಬದಲು ಆಶಾ ಅವರನ್ನು ಕೇಳುವುದು ಸುಲಭ. ಮಳೆಗಾಲದಲ್ಲಂತೂ ಅದೇ ಸರಿಯಾದ ದಾರಿ.

ಮುಟ್ಟಿನ ದಿನ ತಪ್ಪಿದ ಕೂಡಲೇ ನೋಡಬಹುದು. ಒಂದು ವಾರ ಕಳೆದು ನೋಡಿದರೆ ಫಲಿತಾಂಶ ಇನ್ನೂ ನಂಬಿಕೆಗೆ ಅರ್ಹ. ಬೆಳಗಿನ ಮೊದಲ ಮೂತ್ರವನ್ನು ಒಣಗಿದ, ಶುಭ್ರವಾದ ಸಣ್ಣ ಬಟ್ಟಲಿನಲ್ಲಿ ಹಿಡಿದು, ಕಿಟ್‌ನ ಮೇಲೆ ಬರೆದಷ್ಟೇ ಹನಿ ಹಾಕಿ ಐದು ನಿಮಿಷ ಕಾಯಿರಿ. ಎರಡು ಗೆರೆ ಬಂದರೆ ಗರ್ಭ ಇದೆ ಎಂದರ್ಥ. ಎರಡನೆಯ ಗೆರೆ ಮಸುಕಾಗಿದ್ದರೂ ಅದು ಗೆರೆಯೇ. ಒಂದೇ ಗೆರೆ, ಅದೂ "ಸಿ" ಎಂಬಲ್ಲಿ ಬಂದರೆ ಸದ್ಯಕ್ಕೆ ಕಾಣಿಸುತ್ತಿಲ್ಲ ಎಂದರ್ಥ. "ಸಿ" ಬಳಿ ಗೆರೆಯೇ ಬರದಿದ್ದರೆ ಕಿಟ್ ಕೆಟ್ಟಿದೆ, ಬೇರೆಯದರಲ್ಲಿ ನೋಡಿ.

ಒಂದೇ ಗೆರೆ ಬಂದು, ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ. ತುಂಬಾ ಬೇಗ ನೋಡಿದ್ದರೆ ಅಥವಾ ನೀರು ಹೆಚ್ಚು ಕುಡಿದು ಮೂತ್ರ ತೆಳುವಾಗಿದ್ದರೆ ಗರ್ಭವಿದ್ದೂ ಗೆರೆ ಬಾರದಿರಬಹುದು.

"ಈ ಸಲ ಸ್ವಲ್ಪವೇ ಹೋಯಿತು, ಒಂದೇ ದಿನ" ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಗರ್ಭದ ಆರಂಭದಲ್ಲಿ ಕೆಲವರಿಗೆ ಮುಟ್ಟಿನ ದಿನದ ಆಸುಪಾಸಿನಲ್ಲೇ ಹನಿ ರಕ್ತ ಕಾಣುತ್ತದೆ. ಎಂದಿನಂತೆ ಆಗದ ಮುಟ್ಟನ್ನು ಮುಟ್ಟು ಎಂದು ಎಣಿಸದೆ ಪರೀಕ್ಷೆ ಮಾಡಿ. ಅಂತಹ ರಕ್ತದ ದಿನಗಳಲ್ಲಿ ನಮಾಝಿನ ವಿಧಿ ಏನೆಂಬುದನ್ನು ನಿಮ್ಮ ಮದ್‌ಹಬ್‌ನ ಆಲಿಮರಿಂದ ತಿಳಿದುಕೊಳ್ಳಿ.

ದಿನಾಂಕ ಬರೆದಿಡುವ ಅಭ್ಯಾಸ ಇಲ್ಲಿ ಬಹಳ ಉಪಕಾರಿ. ರಂಝಾನಿನಲ್ಲಿ ಬಿಟ್ಟ ಉಪವಾಸಗಳ ಖಝಾ ಲೆಕ್ಕಕ್ಕಾಗಿ ನಮ್ಮ ಹೆಣ್ಣುಮಕ್ಕಳು ಹೈಝ್‌ನ ದಿನಗಳನ್ನು ಹೇಗೂ ಎಣಿಸುತ್ತಾರೆ. ಅದನ್ನೇ ಹನ್ನೆರಡು ತಿಂಗಳಿಗೂ ಮುಂದುವರಿಸಿ, ಕ್ಯಾಲೆಂಡರ್‌ನಲ್ಲಿ ಒಂದು ಸಣ್ಣ ಚುಕ್ಕಿ ಸಾಕು. ವೈದ್ಯರು ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹೀಗಾಗಿ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಒಂದು ವಾರ ತಡವಾಯಿತು ಎಂದರೆ, ಗರ್ಭವಿದ್ದಲ್ಲಿ ಆಗಲೇ ಐದು ವಾರ.

ಮುಟ್ಟು ತರಿಸುವ ಔಷಧಿ ಏಕೆ ಬೇಡ?

ಯುನಾನಿಯಲ್ಲಿ ಮುಟ್ಟು ನಿಲ್ಲುವುದನ್ನು "ಇಹ್ತಿಬಾಸೆ ತಮ್ಸ್" ಎನ್ನುತ್ತೇವೆ. ಅದನ್ನು ಹರಿಯುವಂತೆ ಮಾಡುವ ಔಷಧಿಗಳಿಗೆ "ಮುದಿರ್ರೆ ಹೈಝ್" ಎಂದು ಹೆಸರು. ಅಭಲ್, ಮುರ್ ಮಕ್ಕಿ, ಸುದಾಬ್, ಗಜ್ಜರಿ ಬೀಜ ಮುಂತಾದವು ಈ ಗುಂಪಿನವು. ಯುನಾನಿಯಲ್ಲೇ ಇವನ್ನು ಬಸುರಿಯರಿಗೆ ಕೊಡಬಾರದು ಎಂಬ ಎಚ್ಚರಿಕೆ ಇದೆ. ಹಾಗಿರುವಾಗ ಆಕೆ ಬಸುರಿಯೇ ಅಲ್ಲವೇ ಎಂದು ತಿಳಿಯದೆ ಜೋಶಾಂದಾ ಕುದಿಸಿ ಕೊಡುವುದು ಹಿಕ್ಮತ್ ಅಲ್ಲ. ನಾಡಿ ಹಿಡಿದು ನೋಡಿ ಗರ್ಭ ಇಲ್ಲ ಎಂದು ಖಚಿತವಾಗಿ ಹೇಳಲಾಗದು. ಮೂತ್ರದ ಕಿಟ್ ಬಳಸುವ ಹಕೀಮರು ತಮ್ಮ ವಿದ್ಯೆಯನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಅದನ್ನು ಜವಾಬ್ದಾರಿಯಿಂದ ಬಳಸಿದಂತೆ ಆಗುತ್ತದೆ.

ಮನೆಯಲ್ಲಿ ಖಾಲಾ, ಭಾಬಿ ಹೇಳುವ ಮದ್ದುಗಳೂ ಇವೆ: ಎಳ್ಳು-ಬೆಲ್ಲ, ಹಸಿ ಪಪ್ಪಾಯಿ, ಅಜವಾನದ ಕಷಾಯ. ಇವುಗಳಿಂದ ಗರ್ಭ ಹೋಗುತ್ತದೆ ಎಂಬ ಖಾತರಿ ಇಲ್ಲ. ಆದರೆ ಇವುಗಳನ್ನು ನಂಬಿ ಕಾಯುವುದರಲ್ಲಿ ಎರಡು ಮೂರು ವಾರ ಕಳೆದುಹೋಗುತ್ತದೆ. ಕಳೆದುಹೋದ ಆ ವಾರಗಳೇ ದೊಡ್ಡ ನಷ್ಟ.

ಇದಕ್ಕಿಂತ ಅಪಾಯದ ದಾರಿ ಇನ್ನೊಂದಿದೆ. ವೈದ್ಯರನ್ನು ಕಾಣದೆ ಮೆಡಿಕಲ್ ಶಾಪ್‌ನಿಂದ ಗರ್ಭಪಾತದ ಗುಳಿಗೆ ತರಿಸಿ ಮನೆಯಲ್ಲೇ ನುಂಗುವುದು. ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಎಂಬ ಈ ಗುಳಿಗೆಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಎಷ್ಟು ವಾರ ಎಂಬುದು ತಿಳಿಯದೆ ನುಂಗಿದರೆ ಗರ್ಭ ಅರ್ಧ ಉಳಿದು ರಕ್ತಸ್ರಾವ ನಿಲ್ಲದೆ ಹೋಗಬಹುದು, ಸೋಂಕು ತಗಲಬಹುದು. ಮೊದಲೇ ರಕ್ತ ಕಡಿಮೆ ಇರುವವರಿಗೆ ಇದು ಜೀವದ ಮಾತು.

ಗರ್ಭಕೋಶದ ಹೊರಗೆ ನಿಂತ ಗರ್ಭ

ಮುಟ್ಟು ತಪ್ಪಿದಾಗ ಪರೀಕ್ಷೆಯನ್ನು ಮುಂದೂಡಬಾರದು ಎನ್ನಲು ಅತಿ ದೊಡ್ಡ ಕಾರಣ ಇದು. ಕೆಲವೊಮ್ಮೆ ಗರ್ಭ, ಗರ್ಭಕೋಶದಲ್ಲಿ ನಿಲ್ಲದೆ ನಳಿಕೆಯಲ್ಲೇ ನಿಂತುಬಿಡುತ್ತದೆ. ವಂಕಿ ಇದ್ದಾಗ ಅಥವಾ ಆಪರೇಷನ್ ಆದ ಮೇಲೆ ಗರ್ಭ ನಿಲ್ಲುವುದು ಅಪರೂಪ. ಆದರೆ ನಿಂತರೆ ಅದು ನಳಿಕೆಯಲ್ಲಿರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಬೆಳೆಯುತ್ತಾ ಹೋದಂತೆ ನಳಿಕೆ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಗರ್ಭಪಾತದ ಗುಳಿಗೆಯಿಂದ ಇದು ಹೋಗುವುದಿಲ್ಲ. ಕಷಾಯದಿಂದಲೂ ಹೋಗುವುದಿಲ್ಲ.

ಲಕ್ಷಣಗಳನ್ನು ಮನೆಯ ಎಲ್ಲ ದೊಡ್ಡವರೂ ತಿಳಿದಿರಲಿ:
• ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯಲ್ಲಿ, ಹೆಚ್ಚಾಗಿ ಒಂದೇ ಬದಿಯಲ್ಲಿ, ನೋವು
• ಹನಿಹನಿಯಾಗಿ ಕಪ್ಪು ಅಥವಾ ಕೆಂಪು ರಕ್ತ
• ತಲೆ ಸುತ್ತು, ಕಣ್ಣು ಕತ್ತಲೆ, ಎಚ್ಚರ ತಪ್ಪುವುದು, ತಣ್ಣನೆಯ ಬೆವರು
• ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು

ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಬೇಕಾಗುವುದು ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆ, ರಕ್ತ ಮೂರೂ ಇರುವ ಆಸ್ಪತ್ರೆ. ಹಳಿಯಾಳ ಮತ್ತು ದಾಂಡೇಲಿಯವರಿಗೆ ಧಾರವಾಡ, ಮುಂಡಗೋಡಿನವರಿಗೆ ಹುಬ್ಬಳ್ಳಿ ಹತ್ತಿರ. ಜಿಲ್ಲಾ ಕೇಂದ್ರವಾದ ಕಾರವಾರ ನಮಗೆ ಘಟ್ಟದ ಕೆಳಗಿದೆ, ದೂರ. ಜೋಯಿಡಾದವರು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಿ, "ಮುಟ್ಟು ತಪ್ಪಿದೆ, ನೋವಿದೆ, ವಂಕಿ ಇದೆ" ಅಥವಾ "ಆಪರೇಷನ್ ಆಗಿದೆ" ಎಂದು ಸ್ಪಷ್ಟವಾಗಿ ಹೇಳಬೇಕು. ಈ ಒಂದು ವಾಕ್ಯವನ್ನು ನಾಚಿಕೆಯಿಂದ ಮುಚ್ಚಿಟ್ಟರೆ ಹೊಟ್ಟೆನೋವಿನ ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಮರಳುವಂತಾಗಬಹುದು.

ನೋವಿಲ್ಲದಿದ್ದರೂ, ವಂಕಿ ಇದ್ದು ಅಥವಾ ಆಪರೇಷನ್ ಆಗಿ ಎರಡು ಗೆರೆ ಬಂದರೆ ಅದೇ ವಾರದಲ್ಲಿ ವೈದ್ಯರನ್ನು ಕಂಡು, ಗರ್ಭ ಎಲ್ಲಿದೆ ಎಂದು ಸ್ಕ್ಯಾನ್ ಮಾಡಿಸಿ.

ಗರ್ಭ ಇದೆ ಎಂದು ಗೊತ್ತಾದ ಮೇಲೆ

ಮೊದಲು ಗುಳಿಗೆ ಅಥವಾ ಚುಚ್ಚುಮದ್ದು ನಿಲ್ಲಿಸಿ. "ಗೊತ್ತಿಲ್ಲದೆ ಗುಳಿಗೆ ನುಂಗಿದ್ದೇನೆ, ಮಗು ಅಂಗವಿಕಲವಾಗುತ್ತದೆಯೇ?" ಎಂದು ಹಲವರು ಅಳುತ್ತಾರೆ. ಗರ್ಭದ ಆರಂಭದಲ್ಲಿ ತಿಳಿಯದೆ ತೆಗೆದುಕೊಂಡ ಗರ್ಭನಿರೋಧಕ ಗುಳಿಗೆಯಿಂದ ಮಗುವಿಗೆ ಅಂಗದೋಷ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈ ಒಂದು ಭಯಕ್ಕಾಗಿ ಯಾರೂ ಗರ್ಭ ತೆಗೆಸಬೇಕಿಲ್ಲ. ವಂಕಿ ಇದ್ದರೆ, ದಾರ ಕಾಣುತ್ತಿದ್ದಲ್ಲಿ ವೈದ್ಯರು ಬೇಗನೆ ತೆಗೆಯುತ್ತಾರೆ. ಒಳಗೇ ಬಿಟ್ಟರೆ ಗರ್ಭ ಬೀಳುವ ಮತ್ತು ಸೋಂಕಿನ ಅಪಾಯ ಹೆಚ್ಚು. ಅದನ್ನು ಮನೆಯಲ್ಲಿ ಎಳೆಯಲು ಹೋಗಬೇಡಿ.

ಮಗುವನ್ನು ಅಲ್ಲಾಹನ ಅಮಾನತ್ ಎಂದು ಸ್ವೀಕರಿಸಿ ಮುಂದುವರಿಯುವುದಾದರೆ ಅಂದಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ. ಆಶಾ ಅವರಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಬಿಪಿ ನೋಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೆರಿಗೆಯ ಅಂದಾಜು ದಿನ ತಿಳಿಯಲು ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ: ಜನವರಿ 5 ಆಗಿದ್ದರೆ ಅಕ್ಟೋಬರ್ 12. ಹಿಂದಿನ ಹೆರಿಗೆ ಸಿಝೇರಿಯನ್ ಆಗಿದ್ದರೆ ಅಥವಾ ಮಡಿಲಲ್ಲಿ ಇನ್ನೂ ಎಳೆಗೂಸು ಇದ್ದರೆ ಮೊದಲ ತಿಂಗಳಲ್ಲೇ ವೈದ್ಯರಿಗೆ ತಿಳಿಸಿ.

ಮುಂದುವರಿಸಲು ಆಗದು ಎನ್ನುವ ಸ್ಥಿತಿಯೂ ಇರಬಹುದು. ತಾಯಿಗೆ ಹೃದಯದ ಕಾಯಿಲೆ, ತೀವ್ರ ರಕ್ತಹೀನತೆ, ಹಿಂದಿನ ಹೆರಿಗೆಯಲ್ಲಿ ಜೀವ ಹೋಗಿ ಬಂದ ಅನುಭವ. ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದಿರಿ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 2021ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಗರ್ಭನಿರೋಧಕ ವಿಫಲವಾದದ್ದು ಒಪ್ಪಬಹುದಾದ ಕಾರಣಗಳಲ್ಲಿ ಒಂದು. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಣ್ಣಿನ ಒಪ್ಪಿಗೆ ಮಾತ್ರ ಬೇಕು. ಬೇರೆಯವರ ಸಹಿಯನ್ನು ಕಾನೂನು ಕೇಳುವುದಿಲ್ಲ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಗುಳಿಗೆಯಿಂದ ಮಾಡುವುದು 9 ವಾರದೊಳಗೆ ಮಾತ್ರ. ತರಬೇತಿ ಪಡೆದ, ಕಾಯ್ದೆ ಒಪ್ಪುವ ಅಲೋಪಥಿ ವೈದ್ಯರೇ ಇದನ್ನು ಮಾಡಬೇಕು. ಯುನಾನಿ ಅಥವಾ ಆಯುರ್ವೇದ ವೈದ್ಯರಿಗೆ ಈ ಅಧಿಕಾರವಿಲ್ಲ. ನಮ್ಮಲ್ಲಿ ಯಾರಾದರೂ "ನಾನೇ ಮಾಡಿಕೊಡುತ್ತೇನೆ" ಎಂದರೆ ಅಲ್ಲಿಂದ ಎದ್ದು ಬನ್ನಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಕೇಳಿ.

ಶರೀಅತ್‌ನ ತೀರ್ಪು ಕೊಡುವುದು ವೈದ್ಯನ ಕೆಲಸವಲ್ಲ. ಗರ್ಭ ನಿಲ್ಲದಂತೆ ಎಚ್ಚರ ವಹಿಸುವುದು ಬೇರೆ, ನಿಂತ ಗರ್ಭವನ್ನು ತೆಗೆಯುವುದು ಬೇರೆ ಎಂಬುದನ್ನು ಎಲ್ಲ ವಿದ್ವಾಂಸರೂ ಹೇಳುತ್ತಾರೆ. ಅಝ್ಲ್ ಬಗ್ಗೆ ಹದೀಸ್‌ಗಳಿವೆ, ಇಮಾಮ್ ಗಝ್ಝಾಲಿಯವರು ಅದರ ಕುರಿತು ಚರ್ಚಿಸಿದ್ದಾರೆ. ಬಸಿರು ತಾಯಿಯ ಪ್ರಾಣಕ್ಕೆ ಅಪಾಯ ತರುವಾಗ ವೈದ್ಯ ಏನು ಮಾಡಬೇಕು ಎಂಬುದನ್ನು ಇಬ್ನ್ ಸೀನಾ ಅವರು ಅಲ್-ಕಾನೂನ್‌ನಲ್ಲಿ ಸಾವಿರ ವರ್ಷದ ಹಿಂದೆಯೇ ಬರೆದಿದ್ದಾರೆ. 120 ದಿನ ತುಂಬಿದ ಮೇಲೆ ತಾಯಿಯ ಜೀವಕ್ಕೆ ಅಪಾಯವಿಲ್ಲದೆ ಗರ್ಭ ತೆಗೆಯುವುದು ನಿಷಿದ್ಧ. ಅದಕ್ಕೆ ಮೊದಲಿನ ದಿನಗಳ ಬಗ್ಗೆ ಮದ್‌ಹಬ್‌ಗಳಲ್ಲಿ, ಒಂದೇ ಮದ್‌ಹಬ್‌ನ ವಿದ್ವಾಂಸರಲ್ಲೂ ಭಿನ್ನ ಅಭಿಪ್ರಾಯಗಳಿವೆ. ಆದ್ದರಿಂದ ವೈದ್ಯರ ಬರಹವನ್ನು ಕೈಯಲ್ಲಿ ಹಿಡಿದು ನಂಬಿಕೆಯ ಆಲಿಮರ ಬಳಿ ಹೋಗಿ. ಒಂದು ಲೆಕ್ಕ ಗಮನಿಸಿ: ಈ 120 ದಿನ ಗರ್ಭ ನಿಂತ ದಿನದಿಂದ, ವೈದ್ಯರ ವಾರಗಳು ಕೊನೆಯ ಮುಟ್ಟಿನಿಂದ. ಇವೆರಡರ ನಡುವೆ ಸುಮಾರು ಎರಡು ವಾರದ ವ್ಯತ್ಯಾಸವಿದೆ. ಕೇಳುವಾಗ ಇದನ್ನು ಬಿಡಿಸಿ ಹೇಳಿ. ಬೇಗ ಪರೀಕ್ಷಿಸಿದವರಿಗೆ ಆಲಿಮರನ್ನು ಕೇಳಲು, ಯೋಚಿಸಲು, ದುಆ ಮಾಡಲು ಸಮಯ ಉಳಿಯುತ್ತದೆ.

ಗರ್ಭ ಇಲ್ಲದಿದ್ದರೆ?

ಒಂದು ವಾರದ ಅಂತರದಲ್ಲಿ ಎರಡು ಸಲ ನೋಡಿ ಒಂದೇ ಗೆರೆ ಬಂದರೆ ಬೇರೆ ಕಾರಣ ಹುಡುಕಬೇಕು. ಥೈರಾಯ್ಡ್, ಪಿಸಿಒಡಿ, ತೂಕ ಏಕಾಏಕಿ ಏರುವುದು ಇಳಿಯುವುದು, ಮನಸ್ಸಿನ ಒತ್ತಡ, ಎದೆಹಾಲು ಕುಡಿಸುವುದು, ಛಾಯಾ ಅಥವಾ ಅಂತರಾ ಪರಿಣಾಮ. ಯುನಾನಿ ಚಿಕಿತ್ಸೆಗೆ ಇಲ್ಲಿ ಜಾಗವಿದೆ. ಆಹಾರ, ನಿದ್ದೆ, ನಡಿಗೆ ಸರಿಪಡಿಸಿ, ಮಿಝಾಜ್ ನೋಡಿ ಔಷಧಿ ಕೊಡಬಹುದು. ಮೂರು ತಿಂಗಳು ಮುಟ್ಟೇ ಆಗದಿದ್ದರೆ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿಸಿ.

ನಲವತ್ತು ದಾಟಿದವರು "ಮುಟ್ಟು ನಿಲ್ಲುವ ಕಾಲ" ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ. ಸತತ ಹನ್ನೆರಡು ತಿಂಗಳು ಆಗದಿದ್ದರೆ ಮಾತ್ರ ಮುಟ್ಟು ನಿಂತಿತು ಎನ್ನಬೇಕು. ಅಲ್ಲಿಯವರೆಗೆ ಗರ್ಭ ನಿಲ್ಲಬಹುದು.

ಮನೆಯವರಿಗೆ ಒಂದು ಮಾತು

ಗಂಡ ಆಪರೇಷನ್ ಮಾಡಿಸಿಕೊಂಡಿದ್ದಾಗ ಅಥವಾ ನಿರೋಧ್ ಬಳಸುತ್ತಿದ್ದಾಗ ಹೆಂಡತಿಗೆ ಗರ್ಭ ನಿಂತರೆ, ಕೆಲವು ಮನೆಗಳಲ್ಲಿ ಕೇಳಬಾರದ ಪ್ರಶ್ನೆ ಕೇಳುತ್ತಾರೆ. ಗಂಡಸರ ಆಪರೇಷನ್ ಆದ ಕೂಡಲೇ ರಕ್ಷಣೆ ಶುರುವಾಗುವುದಿಲ್ಲ. ಮೂರು ತಿಂಗಳು ಬೇರೆ ಕ್ರಮ ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಎಂದು ಖಚಿತವಾಗಬೇಕು. ಆ ನಂತರವೂ ಅಪರೂಪಕ್ಕೆ ನಾಳ ಮತ್ತೆ ಕೂಡಿಕೊಳ್ಳುವುದುಂಟು. ನಿರೋಧ್ ವಿಫಲವಾಗುವ ಲೆಕ್ಕವನ್ನು ಮೇಲೆ ಹೇಳಿದ್ದೇನೆ. ವಿಫಲವಾದದ್ದು ವಿಧಾನ. ಹೆಣ್ಣಿನ ನಡತೆಗೂ ಅದಕ್ಕೂ ಸಂಬಂಧವಿಲ್ಲ. ಶೀಲವಂತೆಯ ಮೇಲೆ ಅಪವಾದ ಹೊರಿಸುವುದನ್ನು ಕುರ್‌ಆನ್ ಎಷ್ಟು ಕಠಿಣವಾಗಿ ತಡೆದಿದೆ ಎಂಬುದು ಸೂರಃ ಅನ್ನೂರ್ ಓದಿದವರಿಗೆ ಗೊತ್ತು. ಸಂಶಯವಿದ್ದರೆ ಗಂಡನೇ ಹೋಗಿ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಲಿ.

ಸರ್ಕಾರಿ ವ್ಯವಸ್ಥೆಯಲ್ಲಿ ಮಾಡಿಸಿಕೊಂಡ ಆಪರೇಷನ್ ವಿಫಲವಾದರೆ ಪರಿಹಾರ ಕೊಡುವ ಯೋಜನೆ ಇದೆ. ಆಪರೇಷನ್ ಪ್ರಮಾಣಪತ್ರ ಮತ್ತು ಈಗಿನ ಪರೀಕ್ಷೆಯ ವರದಿ ಇಟ್ಟುಕೊಂಡು, ಗೊತ್ತಾದ ಕೂಡಲೇ ತಾಲ್ಲೂಕು ಆರೋಗ್ಯಾಧಿಕಾರಿಯವರಿಗೆ ಅರ್ಜಿ ಕೊಡಿ. ತಡಮಾಡಿದರೆ ಅವಧಿ ಮೀರುತ್ತದೆ.

ಅತ್ತೆಯಂದಿರೇ, ಸೊಸೆ ಮುಟ್ಟು ತಪ್ಪಿದೆ ಎಂದರೆ ಕಷಾಯ ಕಾಯಿಸುವ ಮೊದಲು ಕಿಟ್ ತರಿಸಿ. ಗಂಡಂದಿರೇ, ಮೆಡಿಕಲ್ ಶಾಪ್‌ಗೆ ಹೋಗಿ ಕಿಟ್ ಕೇಳಲು ನಾಚಿಕೆ ಬೇಡ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಸಹೋದರಿಯರೇ, ಹತ್ತಿರದವರಲ್ಲಿ ಹೇಳಲಾಗದ ಪ್ರಶ್ನೆಯಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಿ.

ನೆನಪಿಡಬೇಕಾದ್ದು:
• ಮುಟ್ಟು ತಪ್ಪಿದರೆ, ನಿರೋಧಕ ಯಾವುದೇ ಇರಲಿ, ಮೊದಲು ಮೂತ್ರ ಪರೀಕ್ಷೆ.
• ಒಂದೇ ಗೆರೆ ಬಂದರೆ ಒಂದು ವಾರ ಬಿಟ್ಟು ಮತ್ತೊಮ್ಮೆ.
• ಪರೀಕ್ಷೆಗೆ ಮೊದಲು ಮುಟ್ಟು ತರಿಸುವ ಔಷಧಿ, ಕಷಾಯ, ಗುಳಿಗೆ ಬೇಡ.
• ವಂಕಿ ಅಥವಾ ಆಪರೇಷನ್ ಇದ್ದು ಎರಡು ಗೆರೆ ಬಂದರೆ ಅದೇ ವಾರ ಸ್ಕ್ಯಾನ್.
• ನೋವು, ರಕ್ತ, ತಲೆ ಸುತ್ತು ಕಂಡರೆ ಆ ಹೊತ್ತಿಗೇ ಆಸ್ಪತ್ರೆ.

ಅಲ್ಲಾಹನು ಪ್ರತಿ ರೋಗಕ್ಕೂ ಔಷಧಿಯನ್ನು ಇಳಿಸಿದ್ದಾನೆ ಎಂಬುದು ನಮ್ಮ ನಂಬಿಕೆ. ಆದರೆ ರೋಗ ಯಾವುದೆಂದು ತಿಳಿಯದೆ ಕೊಟ್ಟದ್ದು ಔಷಧಿಯಾಗದು. ಮೊದಲು ತಿಳಿಯೋಣ, ಆಮೇಲೆ ಚಿಕಿತ್ಸೆ ಮಾಡೋಣ. ಅಲ್ಲಾಹನು ನಮ್ಮ ತಾಯಂದಿರನ್ನೂ ಸಹೋದರಿಯರನ್ನೂ ಕಾಪಾಡಲಿ.